ಟೆಂಡರ್ ಪೆಟ್ಟಿಗೆಯ ಕಾವಲುಗಾರರು ಹೋದರು, ನಾವಿನ್ನೂ ಬಾಗಿಲಲ್ಲೇ ನಿಂತಿದ್ದೇವೆ!

(ಕನ್ನಡ ಯುವಜನರ ಕಮ್ಮಟವೊಂದರಲ್ಲಿ ಸಣ್ಣ ವಿದ್ಯುತ್ ಗುತ್ತಿಗೆದಾರರೊಬ್ಬರು ಆಡಿದ ಮಾತುಗಳ ಬರಹರೂಪ)



ಮೊದಲಿಗೆ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆ ಮುಂದಿನ ಬೀದಿದೀಪ ಹಾಕಿದವರು ಯಾರು? ನಗರಸಭೆ ಅಂತೀರಿ. ನಗರಸಭೆ ದುಡ್ಡು ಕೊಟ್ಟಿತು, ಅಷ್ಟೆ. ಕಂಬ ಹತ್ತಿ ದೀಪ ಸಿಕ್ಕಿಸಿದವನು ಒಬ್ಬ ಗುತ್ತಿಗೆದಾರನ ಕಡೆಯ ಹುಡುಗ. ನಿಮ್ಮ ಚರಂಡಿ, ನಿಮ್ಮ ಪಾರ್ಕಿನ ಬೆಂಚು, ನಿಮ್ಮ ವಾರ್ಡಿನ ಕಸದ ಗಾಡಿ, ಸರ್ಕಾರಿ ಶಾಲೆಯ ಕಿಟಕಿ, ಪಂಚಾಯಿತಿ ಕಚೇರಿಯ ಕಂಪ್ಯೂಟರ್, ಕಂದಾಯದ ರಸೀತಿ ಪುಸ್ತಕ ಎಲ್ಲವೂ ಹೀಗೆಯೇ ಯಾರೋ ಒಬ್ಬರು ಗುತ್ತಿಗೆ ಹಿಡಿದು ಮಾಡಿದ ಕೆಲಸ, ಕೊಟ್ಟ ಸಾಮಾನು.

ಆ ಯಾರೋ ಒಬ್ಬರು ನೀವು ಯಾಕಾಗಬಾರದು?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಬರುವ ಉತ್ತರ ಒಂದೇ. "ಅಯ್ಯೋ ಬಿಡಿ ಸಾರ್, ಅದೆಲ್ಲ ದೊಡ್ಡವರ ಆಟ. ಎಲ್ಲಾ ಮೊದಲೇ ಫಿಕ್ಸ್ ಆಗಿರುತ್ತೆ." ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಹೊರಗಿನ ಕಂಪನಿಗಳು ಬಂದು ಎಲ್ಲಾ ಬಾಚಿಕೊಂಡು ಹೋಗ್ತಾವೆ" ಅಂತಾರೆ. ಸರಿ. ಆದರೆ ಎದೆ ಮೇಲೆ ಕೈ ಇಟ್ಟುಕೊಂಡು ಹೇಳಿ, ಇಲ್ಲಿ ಕೂತವರಲ್ಲಿ ಎಷ್ಟು ಜನ ಒಂದೇ ಒಂದು ಟೆಂಡರ್ ಪ್ರಕಟಣೆಯನ್ನು ಮೊದಲಿನಿಂದ ಕೊನೆವರೆಗೆ ಓದಿದ್ದೀರಿ? ಓದದೆ ಸೋತವನಿಗೆ ಯಾರು ಮೋಸ ಮಾಡಿದರು ಅನ್ನುವುದೂ ಗೊತ್ತಾಗುವುದಿಲ್ಲ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಗುತ್ತಿಗೆಯ ಬಾಗಿಲಿಗೆ ಹಾಕಿರುವ ಬೀಗ ಬಹುಪಾಲು ಕಾಗದದ್ದು. ಕಾಗದ ಓದಲು ಕಲಿತವನ ಕೈಗೆ ಅರ್ಧ ಕೀಲಿಕೈ ಸಿಕ್ಕಂತೆ. ಉಳಿದರ್ಧಕ್ಕೆ ಜಗಳ ಆಡಬೇಕು, ಅದಕ್ಕೂ ಕಾನೂನಿನಲ್ಲೇ ಜಾಗ ಇದೆ.

ಪೆಟ್ಟಿಗೆ ಕಾಯುತ್ತಿದ್ದ ಕಾಲ

ನನ್ನ ಸೋದರಮಾವ ತೊಂಬತ್ತರ ದಶಕದಲ್ಲಿ ತುಂಡುಗುತ್ತಿಗೆ ಮಾಡುತ್ತಿದ್ದರು. ಆಗ ಟೆಂಡರ್ ಅಂದರೆ ಕಚೇರಿಯಲ್ಲಿ ಇಟ್ಟ ಒಂದು ತಗಡಿನ ಪೆಟ್ಟಿಗೆ. ಕೊನೆಯ ದಿನ ಆ ಪೆಟ್ಟಿಗೆ ಸುತ್ತ ಹತ್ತು ಹದಿನೈದು ಜನ ನಿಂತಿರುತ್ತಿದ್ದರಂತೆ. ಲಕೋಟೆ ಹಾಕಲು ಹೋದವನ ಕೈ ಹಿಡಿದು, "ಏನಣ್ಣಾ, ಊರಿಗೆ ಹೊಸಬರಾ? ಬನ್ನಿ, ಕಾಫಿ ಕುಡಿಯೋಣ" ಅನ್ನುತ್ತಿದ್ದರಂತೆ. ಕಾಫಿ ಮುಗಿಯುವಷ್ಟರಲ್ಲಿ ಟೈಮು ಮುಗಿದಿರುತ್ತಿತ್ತು. ಟೆಂಡರ್ ಫಾರಂ ಕೇಳಲು ಹೋದರೆ ಗುಮಾಸ್ತ ರಜೆ. ಗುಮಾಸ್ತ ಬಂದರೆ ಫಾರಂ ಖಾಲಿ. ಮಾವ ನಗುತ್ತಾ ಹೇಳುತ್ತಿದ್ದರು, ಆದರೆ ಅದು ನಗುವ ವಿಷಯ ಆಗಿರಲಿಲ್ಲ. ಹತ್ತು ವರ್ಷ ಅವರು ಬೇರೆಯವರ ಹೆಸರಿನ ಕೆಲಸವನ್ನು ಒಳಗುತ್ತಿಗೆ ಹಿಡಿದೇ ಬದುಕಿದರು.

ಆಮೇಲೆ ಎರಡು ಬದಲಾವಣೆ ಆದವು. ಒಂದು, 1999ರಲ್ಲಿ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯಿದೆ ಬಂತು. ಎಲ್ಲರೂ ಇದನ್ನು ಕೆ.ಟಿ.ಪಿ.ಪಿ. ಕಾಯಿದೆ ಅಂತಾರೆ. 2000ದಲ್ಲಿ ಅದರ ನಿಯಮಗಳು ಬಂದವು. ಸರ್ಕಾರಿ ಇಲಾಖೆಗಳ ಜೊತೆಗೆ ನಗರಸಭೆ, ಪಾಲಿಕೆ, ಪಂಚಾಯಿತಿಗಳೂ ಇದರ ಒಳಗೆ ಬಂದವು. ಎರಡು, 2007ರಿಂದ ಟೆಂಡರ್ ಕಂಪ್ಯೂಟರಿಗೆ ಹೋಯಿತು. ಮೊದಲು ಇ-ಪ್ರೊಕ್ಯೂರ್‌ಮೆಂಟ್ ಅನ್ನುತ್ತಿದ್ದರು. ಈಗಿರುವ ಹೊಸ ತಾಣಕ್ಕೆ ಕೆ.ಪಿ.ಪಿ.ಪಿ. ಅಂತ ಹೆಸರು. ಲಾಗಿನ್ ಇಲ್ಲದೆ ಯಾರು ಬೇಕಾದರೂ ಅಲ್ಲಿ ಟೆಂಡರ್ ಪ್ರಕಟಣೆಗಳನ್ನು ನೋಡಬಹುದು. ನಿಮ್ಮ ಊರಿನ ಹೆಸರು ಹಾಕಿ, ಇಲಾಖೆ ಆರಿಸಿ, ಅಷ್ಟೆ. ತಗಡಿನ ಪೆಟ್ಟಿಗೆ ಹೋಯಿತು. ಕಾಫಿ ಕುಡಿಸುವ ಅಣ್ಣಂದಿರೂ ಆ ಜಾಗದಿಂದ ಹೋದರು.

ಹಾಗಿದ್ದರೂ ನಾವು ಒಳಗೆ ಹೋಗಲಿಲ್ಲ. ಯಾಕೆ? ನನ್ನ ಕಥೆಯನ್ನೇ ಕೇಳಿ.

ನನ್ನ ಮೊದಲ ಟೆಂಡರ್

ನಾನು ಡಿಪ್ಲೊಮಾ ಮುಗಿಸಿ ವಿದ್ಯುತ್ ಗುತ್ತಿಗೆದಾರನ ಲೈಸೆನ್ಸ್ ಮಾಡಿಸಿಕೊಂಡೆ. ಒಂದು ಪುರಸಭೆಯಲ್ಲಿ ಬೀದಿದೀಪ ನಿರ್ವಹಣೆಗೆ ಟೆಂಡರ್ ಕರೆದಿದ್ದರು. ಆ ಪುರಸಭೆಯ ಹೆಸರು ಬೇಡ, ಅಲ್ಲಿನವರ ತಪ್ಪಿಗಿಂತ ನನ್ನ ತಪ್ಪು ದೊಡ್ಡದು. ಇ.ಎಂ.ಡಿ. ಹಣ ಕಟ್ಟಲು ನನ್ನ ಹತ್ತಿರ ಕಾಸಿರಲಿಲ್ಲ. ಅಮ್ಮ ಎರಡು ಬಳೆ ಬಿಚ್ಚಿ ಕೊಟ್ಟು, "ಅಡ ಇಡು ಮಗಾ, ಮಾರಬೇಡ" ಅಂದರು.

ದರ ಚೆನ್ನಾಗಿ ಹಾಕಿದ್ದೆ. ಎಲ್ಲರಿಗಿಂತ ಕಡಿಮೆ ನನ್ನದೇ ಅಂತ ನಂಬಿದ್ದೆ. ಆದರೆ ಸಂಜೆ 4 ಗಂಟೆಗೆ ಮುಗಿಯುವ ಟೆಂಡರ್‌ಗೆ ನಾನು ಕಂಪ್ಯೂಟರ್ ಅಂಗಡಿಗೆ ಹೋಗಿದ್ದು 3 ಗಂಟೆಗೆ. ಕರೆಂಟ್ ಹೋಯಿತು, ಬಂತು. ಸ್ಕ್ಯಾನ್ ಮಾಡಿದ ಕಾಗದ ಒಂದೊಂದೇ ಏರಿಸಿದೆ. 3 ಗಂಟೆ 50 ನಿಮಿಷಕ್ಕೆ ಮುಗಿಯಿತು. ಖುಷಿಯಿಂದ ಮಸಾಲೆದೋಸೆ ತಿಂದೆ. ಹತ್ತು ದಿನ ಬಿಟ್ಟು ನೋಡಿದರೆ ಮೊದಲ ಕವರಿನಲ್ಲೇ ತಿರಸ್ಕೃತ! ಒಂದು ಅಫಿಡವಿಟ್ ಸೇರಿಸಿರಲಿಲ್ಲ. ಒಂದೇ ಒಂದು ಛಾಪಾ ಕಾಗದ. ನನ್ನ ದರದ ಕವರನ್ನು ತೆರೆಯಲೇ ಇಲ್ಲ.

ಕಚೇರಿಗೆ ಹೋಗಿ ಕೂಗಾಡಿದೆ. ವಯಸ್ಸಾದ ಒಬ್ಬ ಗುಮಾಸ್ತರು ನನ್ನನ್ನು ಕೂರಿಸಿ ಟೆಂಡರ್ ದಾಖಲೆ ಮುಂದಿಟ್ಟರು. "ಇಲ್ಲಿ ನೋಡಪ್ಪಾ, ಬರೆದಿದೆಯಲ್ಲಾ" ಅಂದರು. ಬರೆದಿತ್ತು. ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ಮೂವತ್ತನೆಯ ಪುಟದ ಆಚೆ. ನಾನು ಮೊದಲ ಎರಡು ಪುಟ, ಕೊನೆಯ ದರಪಟ್ಟಿ ಮಾತ್ರ ಓದಿದ್ದೆ. ಇ.ಎಂ.ಡಿ. ವಾಪಸು ಬರಲು ನಾಲ್ಕು ತಿಂಗಳು. ಅಷ್ಟು ದಿನ ಅಮ್ಮನ ಕೈ ಬರಿದು.

ಅವತ್ತು ನನಗೆ ಅನ್ನಿಸಿದ್ದು, ನನ್ನನ್ನು ಯಾರೂ ಬಾಗಿಲಲ್ಲಿ ತಡೆಯಲಿಲ್ಲ, ನಾನೇ ಬಾಗಿಲ ಮೇಲೆ ಬರೆದಿದ್ದನ್ನು ಓದಲಿಲ್ಲ ಅಂತ.

ಮನೆಯಲ್ಲಿ ಮೊದಲು ಸಿದ್ಧ ಇರಬೇಕಾದ ಕಾಗದ

ಟೆಂಡರ್ ಬಂದ ಮೇಲೆ ಕಾಗದ ಹುಡುಕಿದರೆ ಕೆಲಸ ಕೆಟ್ಟಿತು. ಒಂದು ಫೈಲ್ ಮಾಡಿ ಇಟ್ಟುಕೊಳ್ಳಿ. ಪಾನ್ ಕಾರ್ಡ್. ಜಿ.ಎಸ್.ಟಿ. ನೋಂದಣಿ. ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆ. ಪಾಲುದಾರಿಕೆ ಇದ್ದರೆ ಪಾಲುಪತ್ರ, ಜೊತೆಗೆ ಯಾರು ಸಹಿ ಮಾಡಬೇಕು ಅನ್ನುವ ಅಧಿಕಾರ ಪತ್ರ. ಕಳೆದ ವರ್ಷಗಳ ಆದಾಯ ತೆರಿಗೆ ರಿಟರ್ನ್, ಚಾರ್ಟರ್ಡ್ ಅಕೌಂಟೆಂಟ್ ಕೊಟ್ಟ ವಹಿವಾಟಿನ ಪ್ರಮಾಣಪತ್ರ. ಉದ್ಯಮ್ ನೋಂದಣಿ, ಇದು 2020ರ ಜುಲೈನಿಂದ ಇದೆ, ಪುಕ್ಕಟೆ. ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಮೂರನೇ ದರ್ಜೆಯ ಡಿಜಿಟಲ್ ಸಹಿ, ಅದು ಪೆನ್‌ಡ್ರೈವ್ ತರಹದ ಒಂದು ಸಣ್ಣ ಟೋಕನ್. ಇದರ ಅವಧಿ ಯಾವಾಗ ಮುಗಿಯುತ್ತದೆ ಅನ್ನುವುದನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಟೋಕನ್ನನ್ನೂ ಗುಟ್ಟಿನ ಸಂಖ್ಯೆಯನ್ನೂ ಕಂಪ್ಯೂಟರ್ ಅಂಗಡಿಯವನ ಹತ್ತಿರ ಬಿಟ್ಟು ಬರುವ ಕೆಟ್ಟ ಅಭ್ಯಾಸ ನಮ್ಮವರಿಗೆ ಇದೆ. ಅದು ಖಾಲಿ ಚೆಕ್ಕಿಗೆ ಸಹಿ ಮಾಡಿ ಕೊಟ್ಟ ಹಾಗೆ!

ಕಟ್ಟಡ, ರಸ್ತೆ, ಚರಂಡಿ ಕಾಮಗಾರಿಗೆ ಲೋಕೋಪಯೋಗಿ ಇಲಾಖೆಯಲ್ಲಿ ಗುತ್ತಿಗೆದಾರ ಎಂದು ನೋಂದಾಯಿಸಿಕೊಳ್ಳಬೇಕು. ಅಲ್ಲಿ ದರ್ಜೆಗಳಿವೆ, ಯಾವ ದರ್ಜೆಯವರು ಎಷ್ಟು ಮೊತ್ತದವರೆಗೆ ಹಾಕಬಹುದು ಅನ್ನುವ ಮಿತಿ ಇದೆ. ಹೊಸಬರು ಕೆಳಗಿನ ದರ್ಜೆಯಿಂದ ಶುರು ಮಾಡುತ್ತಾರೆ. ವಿದ್ಯುತ್ ಕೆಲಸಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಬೇಕು. ಸಾಮಾನು ಪೂರೈಕೆಗೆ, ಮುದ್ರಣಕ್ಕೆ, ವಾಹನ ಬಾಡಿಗೆಗೆ, ಕಂಪ್ಯೂಟರ್ ರಿಪೇರಿಗೆ ಈ ದರ್ಜೆಗಳ ಗೊಡವೆ ಸಾಮಾನ್ಯವಾಗಿ ಇಲ್ಲ. ನಗರದ ಹುಡುಗ ಹುಡುಗಿಯರು ಇದನ್ನು ಗಮನಿಸಬೇಕು. ಗುತ್ತಿಗೆ ಅಂದರೆ ಜಲ್ಲಿ, ಡಾಂಬರು, ಜೆ.ಸಿ.ಬಿ. ಮಾತ್ರ ಅಂದುಕೊಂಡು ನಾವು ಇಡೀ ಒಂದು ಸಂತೆಯನ್ನೇ ಬಿಟ್ಟುಕೊಟ್ಟಿದ್ದೇವೆ.

ಇನ್ನೂ ಒಂದು ಮಾತು. ಎಲ್ಲ ಖರೀದಿಗೂ ಟೆಂಡರ್ ಕರೆಯುವುದಿಲ್ಲ. ಕಾನೂನು ಹಾಕಿದ ಮೊತ್ತದ ಒಳಗಿನ ಸಣ್ಣ ಖರೀದಿಗೆ ಕಚೇರಿಯವರು ದರಪಟ್ಟಿ ತರಿಸಿಕೊಂಡು ಕೊಳ್ಳುತ್ತಾರೆ. ನಿಮ್ಮ ಅಂಗಡಿ ಇರುವುದೇ ಅವರಿಗೆ ಗೊತ್ತಿಲ್ಲದಿದ್ದರೆ ಯಾರಿಂದ ತರಿಸುತ್ತಾರೆ? ಹೋಗಿ ಲೆಟರ್‌ಹೆಡ್ಡಿನಲ್ಲಿ ಒಂದು ಅರ್ಜಿ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ. ಸಣ್ಣ ಕೆಲಸದ ಅನುಭವ ಪ್ರಮಾಣಪತ್ರವೇ ನಾಳೆಯ ದೊಡ್ಡ ಟೆಂಡರ್‌ಗೆ ಮೆಟ್ಟಿಲು.

ಬೆಂಗಳೂರಿನವರು ಒಂದು ಬದಲಾವಣೆ ನೆನಪಿಡಿ. ಬಿ.ಬಿ.ಎಂ.ಪಿ. ಈಗ ಇಲ್ಲ. 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳು. ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿದೆ ಅಂತ ತಿಳಿದುಕೊಂಡು ಆ ಹೆಸರಿನಲ್ಲೇ ಹುಡುಕಿ.

ಟೆಂಡರ್ ಓದುವುದು ಹೇಗೆ?

ಪೆನ್ನು ಹಿಡಿದು ಓದಿ. ನಾನು ಹೀಗೆ ಓದುತ್ತೇನೆ.

ಮೊದಲು ತಾರೀಕುಗಳು. ಕೊನೆಯ ದಿನ, ಗಂಟೆ, ತೆರೆಯುವ ದಿನ, ಅನುಮಾನ ಕೇಳಲು ಕೊಟ್ಟಿರುವ ದಿನ. ಕೊನೆಯ ದಿನಕ್ಕಿಂತ ಎರಡು ದಿನ ಮೊದಲೇ ನನ್ನ ಕೊನೆಯ ದಿನ.

ಎರಡನೆಯದು ಅಂದಾಜು ಮೊತ್ತ, ಇ.ಎಂ.ಡಿ. ಮೊತ್ತ. ಹಣ ಹೇಗೆ ಕಟ್ಟಬೇಕು, ಬ್ಯಾಂಕ್ ಗ್ಯಾರಂಟಿ ಆಗುತ್ತದೆಯೋ ಇಲ್ಲವೋ ಅನ್ನುವುದು.

ಮೂರನೆಯದು ಅರ್ಹತೆ. ವಹಿವಾಟು ಎಷ್ಟು ಇರಬೇಕು, ಇದೇ ತರಹದ ಕೆಲಸ ಎಷ್ಟು ಮೊತ್ತದ್ದು ಮಾಡಿರಬೇಕು. ಕಾಮಗಾರಿಗಳಿಗೆ ಕೆ.ಡಬ್ಲ್ಯು.-1, ಕೆ.ಡಬ್ಲ್ಯು.-2 ಎಂದು ಮೊತ್ತಕ್ಕೆ ತಕ್ಕ ಸಿದ್ಧ ನಮೂನೆಗಳಿವೆ. ಸಂಖ್ಯೆ ಚಿಕ್ಕದಿದ್ದಷ್ಟೂ ಕೆಲಸ ಚಿಕ್ಕದು, ಷರತ್ತೂ ಹಗುರ. ಹೊಸಬರು ಅಲ್ಲಿಂದ ಶುರು ಮಾಡಿ.

ನಾಲ್ಕನೆಯದು ಮೀಸಲಾತಿ. ಪರಿಶಿಷ್ಟ ಜಾತಿಗೆ ಶೇಕಡ 17.15, ಪರಿಶಿಷ್ಟ ಪಂಗಡಕ್ಕೆ ಶೇಕಡ 6.95ರಷ್ಟು ಕಾಮಗಾರಿಗಳನ್ನು ಮೀಸಲಿಡಬೇಕು ಎಂದು ಇದೇ ಕಾಯಿದೆ ಹೇಳುತ್ತದೆ. ಮೊದಲು ಇದು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗೆ ಇತ್ತು, 2023ರಲ್ಲಿ 1 ಕೋಟಿಗೆ ಏರಿಸಿದರು. ಈ ವ್ಯವಸ್ಥೆಯನ್ನು ಇನ್ನಷ್ಟು ಹಿಗ್ಗಿಸುವ ಮಸೂದೆ 2025ರಲ್ಲಿ ಅಂಗೀಕಾರವಾಗಿ, ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳಿಗೆ ಕಾಯ್ದಿರಿಸಿದರು. ಆದ್ದರಿಂದ ಟೆಂಡರ್ ಹಾಕುವ ದಿನದ ನಿಯಮ ನೋಡಿಕೊಳ್ಳಿ. ಹಕ್ಕಿದ್ದವರು ಸಂಕೋಚ ಬಿಟ್ಟು ಬಳಸಿ. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಕೆಲಸ ಮಾಡುವ ಬೇನಾಮಿ ವ್ಯವಹಾರಕ್ಕೆ ಮಾತ್ರ ಕೈ ಹಾಕಬೇಡಿ. ಸಹಿ ನಿಮ್ಮದು, ಲಾಭ ಅವನದು, ಜೈಲು ನಿಮ್ಮದು!

ಐದನೆಯದು ಅಡಕಗಳ ಪಟ್ಟಿ. ಯಾವ ಯಾವ ಕಾಗದ ಏರಿಸಬೇಕು ಅಂತ ದಾಖಲೆಯ ಬೇರೆ ಬೇರೆ ಪುಟಗಳಲ್ಲಿ ಚದುರಿರುತ್ತದೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು, ಏರಿಸಿದ್ದಕ್ಕೆ ಟಿಕ್ ಹಾಕಿ. ಈ ಒಂದು ಹಾಳೆ ನನ್ನ ಹತ್ತಿರ ಇದ್ದಿದ್ದರೆ ಅಮ್ಮನ ಬಳೆ ನಾಲ್ಕು ತಿಂಗಳು ಅಂಗಡಿಯಲ್ಲಿ ಇರುತ್ತಿರಲಿಲ್ಲ.

ಕೊನೆಯದು ಕವರುಗಳು. ಎರಡು ಕವರಿನ ಟೆಂಡರ್‌ನಲ್ಲಿ ಮೊದಲನೆಯದು ಅರ್ಹತೆಯದು, ಎರಡನೆಯದು ದರದ್ದು. ಮೊದಲನೆಯದರಲ್ಲಿ ಪಾಸಾದವರ ದರವನ್ನು ಮಾತ್ರ ತೆರೆಯುತ್ತಾರೆ. ದರದ ಸುಳಿವು ಮೊದಲ ಕವರಿನ ಯಾವ ಕಾಗದದಲ್ಲೂ ಇರಕೂಡದು.

ದರ ಹಾಕುವುದು: ಎರಡನೇ ಪೆಟ್ಟು

ಒಂದು ವರ್ಷದ ಮೇಲೆ ಇನ್ನೊಂದು ಟೆಂಡರ್ ಗೆದ್ದೆ. ಹೇಗೆ ಗೊತ್ತಾ? ಶೇಕಡ 24 ಬಿಲೋ ಹಾಕಿ! ಅಂದಾಜು ಮೊತ್ತಕ್ಕಿಂತ ಸುಮಾರು ಕಾಲು ಭಾಗ ಕಡಿಮೆ. ಗೆದ್ದ ದಿನ ಹೆಗಲ ಮೇಲೆ ಹೊತ್ತು ಕುಣಿದ ಗೆಳೆಯರು ಕೇಬಲ್ ದರ ಏರಿದ ದಿನ ಪತ್ತೆ ಇಲ್ಲ. ಕೆಲಸ ಬಿಟ್ಟರೆ ಠೇವಣಿ ಮುಟ್ಟುಗೋಲು, ಮೇಲೆ ಕಪ್ಪುಪಟ್ಟಿ. ಬಿಡದೆ ಮುಗಿಸಿದೆ. ಈ ಸಲ ಅಡ ಇಟ್ಟ ಬಳೆ ವಾಪಸು ಬರಲಿಲ್ಲ. ಅಮ್ಮ ಏನೂ ಅನ್ನಲಿಲ್ಲ. ಗಾಜಿನ ಬಳೆ ತೊಟ್ಟುಕೊಂಡರು. ಆ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ಹೊಸಬರು ಸಾಯುವುದು ಇಲ್ಲೇ, ಗೆಳೆಯರೆ. ಒಂದು ಉದಾಹರಣೆ ಲೆಕ್ಕ ಮಾಡೋಣ, ಜಿ.ಎಸ್.ಟಿ. ಬಿಟ್ಟು. ಅಂದಾಜು 10 ಲಕ್ಷ. ನೀವು ಶೇಕಡ 20 ಬಿಲೋ ಹಾಕಿದಿರಿ. ಗುತ್ತಿಗೆ 8 ಲಕ್ಷ. ಸಾಮಾನು, ಕೂಲಿ, ಬಾಡಿಗೆ ಎಲ್ಲ ಸೇರಿ ಖರ್ಚು 7 ಲಕ್ಷ 40 ಸಾವಿರ. ಲಾಭ 60 ಸಾವಿರ ಅಂತ ಕಾಗದದ ಮೇಲೆ ಬರುತ್ತದೆ. ಈಗ ಬಿಲ್ಲಿನಲ್ಲಿ ಏನೇನು ಹಿಡಿಯುತ್ತಾರೆ ನೋಡಿ. ಒಬ್ಬರೇ ಮಾಲೀಕರಾದರೆ ಆದಾಯ ತೆರಿಗೆ ಶೇಕಡ 1, ಎಂಟು ಸಾವಿರ. ಗುತ್ತಿಗೆ ಎರಡೂವರೆ ಲಕ್ಷ ದಾಟಿದ್ದರಿಂದ ಜಿ.ಎಸ್.ಟಿ. ಟಿ.ಡಿ.ಎಸ್. ಶೇಕಡ 2, ಹದಿನಾರು ಸಾವಿರ. ಕಟ್ಟಡ ಕಾರ್ಮಿಕರ ಸೆಸ್ ಶೇಕಡ 1, ಎಂಟು ಸಾವಿರ. ಭದ್ರತಾ ಠೇವಣಿ ಶೇಕಡ 5 ಅಂದುಕೊಳ್ಳಿ, ನಲವತ್ತು ಸಾವಿರ. ಒಟ್ಟು 72 ಸಾವಿರ ಹಿಡಿದರು. ಕೈಗೆ ಬಂದದ್ದು 7 ಲಕ್ಷ 28 ಸಾವಿರ. ಖರ್ಚಾಗಿದ್ದು 7 ಲಕ್ಷ 40 ಸಾವಿರ. ಲಾಭದ ಕೆಲಸ ಮಾಡಿಯೂ ಹನ್ನೆರಡು ಸಾವಿರ ಸಾಲಗಾರರಾಗಿ ನಿಂತಿರಿ!

ಇದರಲ್ಲಿ ಆದಾಯ ತೆರಿಗೆಯದು ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ. ಜಿ.ಎಸ್.ಟಿ.ಯದು ನಿಮ್ಮ ಖಾತೆಗೆ ಜಮೆ ಆಗುತ್ತದೆ. ಠೇವಣಿ ದೋಷ ಸರಿಪಡಿಸುವ ಅವಧಿ ಮುಗಿದ ಮೇಲೆ ಕೇಳಿದರೆ ಬರುತ್ತದೆ. ಸೆಸ್ ಬರುವುದಿಲ್ಲ. ಅಲ್ಲಿಯವರೆಗೆ ಬಡ್ಡಿ ಕಟ್ಟುವವರು ಯಾರು? ದರ ಹಾಕುವಾಗಲೇ ಈ ಬಡ್ಡಿಯನ್ನೂ ಸೇರಿಸಿಕೊಳ್ಳಬೇಕು. ಕಾಮಗಾರಿಗೆ ಜಿ.ಎಸ್.ಟಿ. ಸಾಮಾನ್ಯವಾಗಿ ಶೇಕಡ 18. ಅಂದಾಜಿನಲ್ಲಿ ಅದು ಸೇರಿದೆಯೋ ಇಲ್ಲವೋ ಅಂತ ಲಿಖಿತವಾಗಿ ಕೇಳಿ ತಿಳಿದುಕೊಳ್ಳದೆ ದರ ಬರೆಯಲೇಬೇಡಿ. ಅದೊಂದು ತಪ್ಪು ಸಾಕು ಅಂಗಡಿ ಮುಚ್ಚಿಸಲು.

ಎಸ್.ಆರ್. ದರದ ಪುಸ್ತಕ ತರಿಸಿಕೊಳ್ಳಿ. ಸೈಟಿಗೆ ಹೋಗಿ ನೋಡಿ. ಮೂರು ಅಂಗಡಿಯಲ್ಲಿ ದರ ಕೇಳಿ. ನಿಮ್ಮ ತಳ ಎಷ್ಟು ಅಂತ ಒಂದು ಸಂಖ್ಯೆ ಬರೆದಿಟ್ಟುಕೊಳ್ಳಿ. ಅದರ ಕೆಳಗೆ ಹೋಗಬೇಡಿ, ಯಾರೇ ಹುರಿದುಂಬಿಸಿದರೂ! ಸೋತ ಟೆಂಡರ್‌ನಿಂದ ಯಾರೂ ಬೀದಿಗೆ ಬಂದಿಲ್ಲ. ತಪ್ಪು ದರಕ್ಕೆ ಗೆದ್ದವರು ಬಂದಿದ್ದಾರೆ.

ಅನ್ಯಾಯ ಎಲ್ಲಿ, ಅಸ್ತ್ರ ಎಲ್ಲಿ?

ಎಲ್ಲ ತಪ್ಪೂ ನಮ್ಮದೇ ಅಂತ ಹೇಳಲು ನಾನು ಬಂದಿಲ್ಲ. ಅನ್ಯಾಯ ಇದೆ. ಹತ್ತು ಬೀದಿಯ ಹತ್ತು ಚರಂಡಿ ಕೆಲಸವನ್ನು ಒಟ್ಟು ಕಟ್ಟಿ ಒಂದು "ಪ್ಯಾಕೇಜ್" ಮಾಡಿದರೆ ಸಣ್ಣವನ ವಹಿವಾಟು ಸಾಲದೆ ಅವನು ತಾನಾಗಿ ಹೊರಗೆ. ಒಬ್ಬನಿಗೇ ಹೊಂದುವಂತೆ ಷರತ್ತು ಬರೆಯುವುದು ಇದೆ. ಅಲ್ಪಾವಧಿ ಟೆಂಡರ್ ಕರೆದು, ಹಬ್ಬದ ರಜೆಯ ನಡುವೆ ಮುಗಿಸುವುದು ಇದೆ. ಅದೇ ಕಾಯಿದೆಯ 4(ಜಿ) ಅಡಿ ಅಧಿಸೂಚನೆ ಹೊರಡಿಸಿ ಟೆಂಡರ್‌ನಿಂದಲೇ ವಿನಾಯಿತಿ ಕೊಡುವುದೂ ಇದೆ. ಕಮಿಷನ್ ವಿಷಯವಂತೂ ಗುಟ್ಟಲ್ಲ. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವೇ ಶೇಕಡ 40ರ ಆರೋಪ ಹೊರಿಸಿ ಪ್ರಧಾನಿಗೆ ಪತ್ರ ಬರೆಯಿತು. 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ನಾಗಮೋಹನ ದಾಸ್ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗವೂ ರಚನೆಯಾಯಿತು.

ಆದರೆ ಅಸ್ತ್ರಗಳೂ ಇವೆ, ನಾವು ಬಳಸುತ್ತಿಲ್ಲ.

ಟೆಂಡರ್‌ಗೆ ಕನಿಷ್ಠ ಇಷ್ಟು ದಿನ ಕಾಲಾವಕಾಶ ಕೊಡಬೇಕು ಅಂತ ನಿಯಮ ಇದೆ. ಅದನ್ನು ಕಡಿಮೆ ಮಾಡಬೇಕಾದರೆ ಟೆಂಡರ್ ಕರೆದವರಿಗಿಂತ ಮೇಲಿನ ಅಧಿಕಾರಿ ಕಾರಣ ಬರೆದು ಒಪ್ಪಿಗೆ ಕೊಡಬೇಕು. ಆ ಕಾರಣದ ಪ್ರತಿ ಕೇಳಿ. ಷರತ್ತು ಅನ್ಯಾಯ ಅನ್ನಿಸಿದರೆ, ಅನುಮಾನ ಕೇಳಲು ಕೊಟ್ಟ ದಿನದ ಒಳಗೆ ಲಿಖಿತವಾಗಿ ಕೇಳಿ. ಬಾಯಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತದೆ, ಬರೆದು ಕೇಳಿದ್ದು ಕಡತಕ್ಕೆ ಹೋಗುತ್ತದೆ. ನಿಮ್ಮ ಟೆಂಡರ್ ಬಿಟ್ಟು ಬೇರೆಯವರದನ್ನು ಒಪ್ಪಿಕೊಂಡರೆ, ಆದೇಶ ಕೈಸೇರಿದ 30 ದಿನಗಳ ಒಳಗೆ ಕಾಯಿದೆಯ 16ನೇ ಕಲಂ ಅಡಿ ಮೇಲ್ಮನವಿ ಹಾಕಬಹುದು. 2005ರ ಮಾಹಿತಿ ಹಕ್ಕು ಕಾಯಿದೆ ಇದ್ದೇ ಇದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನ. ಟೆಂಡರ್ ಮುಗಿದ ಮೇಲೆ ಪರಿಶೀಲನಾ ಸಮಿತಿಯ ನಡಾವಳಿ, ಹೋಲಿಕೆ ಪಟ್ಟಿ, ಅಳತೆ ಪುಸ್ತಕದ ಪ್ರತಿ ಕೇಳಿ. ಸೋತಾಗ ಅವು ನಿಮಗೆ ಪಾಠ, ಮೋಸ ಆಗಿದ್ದರೆ ಸಾಕ್ಷಿ.

ಒಂದು ಎಚ್ಚರಿಕೆ. "ನಾವು ನಾವೇ ಮಾತಾಡಿಕೊಂಡು ಈ ಸಲ ನಿನಗೆ, ಮುಂದಿನ ಸಲ ನನಗೆ" ಅಂತ ಯಾರಾದರೂ ಬಂದರೆ ಒಪ್ಪಬೇಡಿ. ಅದು ರಿಂಗ್. 2002ರ ಸ್ಪರ್ಧಾ ಕಾಯಿದೆ ಪ್ರಕಾರ ಅಪರಾಧಕ್ಕೆ ಭಾರಿ ದಂಡ ಇದೆ. ಮಾವನ ಕಾಲದ ಕಾಫಿ ಅಣ್ಣಂದಿರು ಮಾಡುತ್ತಿದ್ದದ್ದೂ ಅದನ್ನೇ. ನಮ್ಮವರು ಮಾಡಿದರೆ ಅದು ಸ್ವಾಭಿಮಾನ, ಬೇರೆಯವರು ಮಾಡಿದರೆ ಮೋಸ ಅಂತ ಎರಡು ತಕ್ಕಡಿ ಇಟ್ಟುಕೊಳ್ಳಬಾರದು. ನಾಲ್ಕು ಜನ ಸೇರಿ ಪಾಲುದಾರಿಕೆ ಸಂಸ್ಥೆ ಕಟ್ಟಿ, ಒಂದೇ ಹೆಸರಿನಲ್ಲಿ ಟೆಂಡರ್ ಹಾಕಿ. ಅದು ರಾಜಮಾರ್ಗ.

ಗೆದ್ದ ಮೇಲೆ

ಕಾರ್ಯಾದೇಶ ಕೈಗೆ ಬರದೆ ಒಂದು ಮೊಳೆ ಹೊಡೆಯಬೇಡಿ. "ಶುರು ಮಾಡ್ರಿ, ಆರ್ಡರ್ ಆಮೇಲೆ ಕೊಡ್ತೀವಿ" ಅಂತಾರೆ. ಆಮೇಲೆ ಆ ಅಧಿಕಾರಿಗೆ ವರ್ಗ ಆಗುತ್ತದೆ! ಹೆಚ್ಚುವರಿ ಕೆಲಸ ಹೇಳಿದರೆ ಬರೆದು ಕೊಡಲು ಕೇಳಿ. ಪ್ರತಿ ಹಂತದ ಫೋಟೊ ತೆಗೆಯಿರಿ, ನೆಲದೊಳಗೆ ಹೋಗುವ ಕೇಬಲ್, ಪೈಪಿನದಂತೂ ಮುಚ್ಚುವ ಮೊದಲೇ. ಇಂಜಿನಿಯರು ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ ಬರೆದದ್ದಕ್ಕಷ್ಟೇ ಹಣ. ಬರೆಯುವಾಗ ಪಕ್ಕದಲ್ಲಿ ನಿಂತಿರಿ.

ಬಿಲ್ ತಡವಾದರೆ? ಸಾಮಾನು ಪೂರೈಕೆ, ಸೇವೆ ಕೊಡುವ ಸಣ್ಣ ಉದ್ಯಮಗಳಿಗೆ 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆ ಇದೆ. ಖರೀದಿದಾರ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದಕ್ಕೆಂದೇ ಇರುವ ಸೌಲಭ್ಯ ಮಂಡಳಿಗೆ ದೂರು ಕೊಡಬಹುದು. ಉದ್ಯಮ್ ನೋಂದಣಿ ಮೊದಲೇ ಮಾಡಿಸಿ ಅಂದದ್ದು ಇದಕ್ಕೇ. ಕಟ್ಟಡ, ರಸ್ತೆ ಕಾಮಗಾರಿಗೆ ಈ ಕಾಯಿದೆ ಅನ್ವಯವಾಗುತ್ತದೆಯೋ ಇಲ್ಲವೋ ಅನ್ನುವ ವಾದ ನ್ಯಾಯಾಲಯಗಳಲ್ಲಿ ನಡೆದಿದೆ. ಅದನ್ನೇ ನಂಬಿ ಸಾಲ ಮಾಡಬೇಡಿ.

ಕನ್ನಡದಲ್ಲಿ ಯಾಕಿಲ್ಲ?

ಕೊನೆಯದಾಗಿ, ನನ್ನ ಆ ಅಫಿಡವಿಟ್ಟಿಗೆ ಮರಳಿ ಬರುತ್ತೇನೆ. ಮೂವತ್ತನೆಯ ಪುಟದ ಆಚೆ ಇಂಗ್ಲಿಷಿನಲ್ಲಿ ಇದ್ದ ಒಂದು ಸಾಲು. ಓದದೆ ಇದ್ದದ್ದು ನನ್ನ ತಪ್ಪು, ಒಪ್ಪಿದೆ. ಆದರೆ ಕನ್ನಡನಾಡಿನ ಒಂದು ಪುರಸಭೆ, ಕನ್ನಡಿಗರ ತೆರಿಗೆಯಲ್ಲಿ, ಕನ್ನಡ ಬೀದಿಗೆ ದೀಪ ಹಾಕಿಸಲು ಕರೆದ ಟೆಂಡರ್‌ನ ಷರತ್ತು ಕನ್ನಡದಲ್ಲಿ ಯಾಕೆ ಇರಲಿಲ್ಲ? 1963ರಿಂದ ಕನ್ನಡ ಈ ರಾಜ್ಯದ ಆಡಳಿತ ಭಾಷೆ. ಸ್ಥಳೀಯ ಸಂಸ್ಥೆಗಳಿಗೆಂದೇ 1981ರಲ್ಲಿ ಬೇರೊಂದು ಆಡಳಿತ ಭಾಷಾ ಕಾಯಿದೆ ಬಂತು. ಕಂಬ ಹತ್ತುವವನಿಗೆ ಕನ್ನಡ ಬರುತ್ತದೆ, ಅವನ ಮೇಸ್ತ್ರಿಗೆ ಬರುತ್ತದೆ, ಅಳತೆ ಬರೆಯುವ ಇಂಜಿನಿಯರಿಗೆ ಬರುತ್ತದೆ. ಷರತ್ತಿಗೆ ಮಾತ್ರ ಬರುವುದಿಲ್ಲ!

ಇಂಗ್ಲಿಷ್ ತೆಗೆದುಹಾಕಿ ಅಂತ ನಾನು ಕೇಳುತ್ತಿಲ್ಲ. ಪಕ್ಕದಲ್ಲಿ ಕನ್ನಡ ಇಡಿ ಅನ್ನುತ್ತಿದ್ದೇನೆ. ಅರ್ಹತೆ, ಅಡಕಗಳ ಪಟ್ಟಿ, ದಂಡದ ಷರತ್ತು, ಹಣ ಪಾವತಿ, ಈ ನಾಲ್ಕು ಭಾಗವಾದರೂ ಸರಳ ಕನ್ನಡದಲ್ಲಿ ಪ್ರತಿ ಟೆಂಡರ್ ಜೊತೆ ಬರಲಿ. ಇದಕ್ಕೆ ಹೊಸ ಕಾನೂನು ಬೇಡ, ಬರೆದು ಕೇಳುವ ಜನ ಬೇಕು. ಮುಂದಿನ ಸಲ ಟೆಂಡರ್ ಹಾಕುವಾಗ ನಿಮ್ಮ ಅನುಮಾನ ಪತ್ರವನ್ನು ಕನ್ನಡದಲ್ಲೇ ಬರೆಯಿರಿ, ಉತ್ತರವನ್ನೂ ಕನ್ನಡದಲ್ಲೇ ಕೇಳಿ. ನಾನು ಹಾಗೇ ಮಾಡುತ್ತೇನೆ. ಮೊದಮೊದಲು ವಿಚಿತ್ರವಾಗಿ ನೋಡುತ್ತಿದ್ದರು. ಈಗ ಉತ್ತರ ಬರುತ್ತದೆ.

ಗೆಳೆಯರೆ, ಘೋಷಣೆ ಕೂಗಿ ಮನೆಗೆ ಹೋಗುವುದು ಬೇಡ. ಸೋಮವಾರ ಬೆಳಗ್ಗೆ ಮೂರು ಕೆಲಸ ಮಾಡಿ. ಒಂದು, ನಿಮ್ಮ ಊರಿನ ಒಂದು ಸಣ್ಣ ಟೆಂಡರ್ ದಾಖಲೆ ಇಳಿಸಿಕೊಂಡು ಪೂರ್ತಿ ಓದಿ, ಹಾಕುವ ಯೋಚನೆ ಇಲ್ಲದಿದ್ದರೂ ಸರಿ. ಎರಡು, ನಿಮ್ಮಲ್ಲಿ ಲೆಕ್ಕ ಗೊತ್ತಿದ್ದವನು, ಇಂಗ್ಲಿಷ್ ಓದುವವಳು, ಕೆಲಸ ಬಲ್ಲವನು ಮೂವರು ಒಟ್ಟಿಗೆ ಕೂತು ಅಡಕಗಳ ಹಾಳೆ ಮಾಡಿ. ಮೂರು, ಆ ಹಾಳೆಯನ್ನು ಕನ್ನಡದಲ್ಲಿ ಬರೆದು ಇನ್ನೊಬ್ಬ ಹೊಸಬನ ಕೈಗೆ ಕೊಡಿ. ಅವನು ನಿಮ್ಮ ಎದುರಾಳಿ ಆಗಬಹುದು. ಆಗಲಿ! ಹತ್ತು ಜನ ಹಾಕಿದ ಟೆಂಡರ್‌ನಲ್ಲಿ ಒಬ್ಬನನ್ನು ಫಿಕ್ಸ್ ಮಾಡುವುದು ಕಷ್ಟ. ಒಬ್ಬನೇ ಹಾಕಿದ ಟೆಂಡರ್‌ನಲ್ಲಿ ಫಿಕ್ಸ್ ಮಾಡುವ ಅಗತ್ಯವೇ ಇಲ್ಲ.

ಮೂರು ವರ್ಷದ ಹಿಂದೆ ಅಮ್ಮನಿಗೆ ಎರಡು ಬಳೆ ಮಾಡಿಸಿಕೊಟ್ಟೆ. ಒಂದು ಪಂಚಾಯಿತಿಯ ಪಂಪ್ ಮೋಟಾರು ನಿರ್ವಹಣೆಯ ಬಿಲ್ ಬಂದಿತ್ತು. ತೊಟ್ಟುಕೊಳ್ಳುತ್ತಾ ಅಮ್ಮ ಕೇಳಿದ್ದು ಒಂದೇ ಮಾತು, "ಈ ಸಲ ಎಲ್ಲಾ ಕಾಗದ ಹಾಕಿದ್ದೆ ತಾನೇ?"

ಹಾಕಿದ್ದೆ. ನೀವೂ ಹಾಕಿ.